ಹಾಡಿನ ನಡುವೆ ‘ಟಕ್’ ಅಂದರೆ ಹೊಸ ಕಂಪ್ಯೂಟರ್ ಬೇಕಾ?

ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವವರು ಈಗ ಕಮ್ಮಿಯೇನಿಲ್ಲ. ಮಗಳ ಸಂಗೀತ ಪಾಠ, ತಮ್ಮನ ಕೀಬೋರ್ಡು, ಸ್ಪರ್ಧೆಗೆ ಕಳಿಸಬೇಕಾದ ಭಾವಗೀತೆ, ಅಜ್ಜಿಗೆ ಬಾಯಿಪಾಠ ಇರುವ ಸಂಪ್ರದಾಯದ ಹಾಡು. ಒಂದು ಮೈಕು, ಅದನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಸೇರಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ, ಒಂದು ಹೆಡ್‌ಫೋನು, ಇಷ್ಟಿದ್ದರೆ ಮಲಗುವ ಕೋಣೆಯೇ ಸ್ಟುಡಿಯೊ.

ಸಾಫ್ಟ್‌ವೇರ್ ಕೆಲಸದವನು ಅಂತ ಗೊತ್ತಾದ ಮೇಲೆ ಇಂಥವರು ನನ್ನ ಹತ್ತಿರ ಕೇಳುವ ಪ್ರಶ್ನೆ ಎರಡು. ‘ಹಾಡಿದ್ದು ಹೆಡ್‌ಫೋನಿನಲ್ಲಿ ತಡವಾಗಿ ಕೇಳ್ಸುತ್ತೆ, ಏನ್ಮಾಡ್ಲಿ?’ ಇನ್ನೊಂದು, ‘ರೆಕಾರ್ಡಿಂಗ್ ಮಧ್ಯೆ ಟಕ್ ಟಕ್ ಅಂತ ಸದ್ದು, ಅಲ್ಲಲ್ಲಿ ಅಕ್ಷರವೇ ಹಾರಿಹೋಗಿದೆ, ಏನ್ಮಾಡ್ಲಿ?’ ಮೊದಲನೆಯದನ್ನು ಲೇಟೆನ್ಸಿ ಅಂತಾರೆ, ಎರಡನೆಯದನ್ನು ಡ್ರಾಪ್‌ಔಟ್. ಇವೆರಡರ ಬಾಲದಲ್ಲೇ ಮೂರನೆಯದೂ ಬರುತ್ತದೆ: ‘ಹೊಸ ಲ್ಯಾಪ್‌ಟಾಪ್ ತಗೊಳ್ಬೇಕಾ?’

ಹೆಚ್ಚಿನ ಸಲ ಬೇಕಾಗಿಲ್ಲ. ಯಾಕೆ ಅಂತ ತಿಳಿಯಲು ಒಮ್ಮೆ ಮದುವೆ ಮನೆಯ ಊಟದ ಪಂಕ್ತಿಗೆ ಹೋಗಿ ಬರೋಣ.

ಬಡಿಸುವವನ ಕೈಯಲ್ಲಿ ಸಾರಿನ ಬಕೆಟ್ಟು ಇದೆ. ಬಕೆಟ್ಟು ಸಣ್ಣದಾದರೆ ಸಾರು ಒಲೆಯಿಂದ ನೇರ ಎಲೆಗೆ ಬಿಸಿಬಿಸಿಯಾಗಿ ಬರುತ್ತದೆ. ಆದರೆ ಬೇಗ ಖಾಲಿಯಾಗುತ್ತದೆ, ಅವನು ಮತ್ತೆ ಮತ್ತೆ ಅಡುಗೆ ಮನೆಗೆ ಓಡಬೇಕು. ಅಲ್ಲಿ ಭಟ್ಟರನ್ನು ಯಾರೋ ಫೋನಿಗೆ ಕರೆದುಬಿಟ್ಟರೆ ಮುಗೀತು, ಪಂಕ್ತಿಯಲ್ಲಿ ಎಲೆ ಒಣಗುತ್ತದೆ. ದೊಡ್ಡ ಬಕೆಟ್ಟಾದರೆ ಭಟ್ಟರು ಎರಡು ನಿಮಿಷ ಮಾತಾಡಿ ಬಂದರೂ ನಡೆಯುತ್ತೆ, ಸಾರು ಮಾತ್ರ ಸ್ವಲ್ಪ ತಡವಾಗಿ, ಆರಿ ಬರುತ್ತದೆ.

ಕಂಪ್ಯೂಟರಿನಲ್ಲಿ ಈ ಬಕೆಟ್ಟಿನ ಹೆಸರು ಬಫರ್. ಎಲೆ ಒಣಗುವುದು ಡ್ರಾಪ್‌ಔಟ್, ಸಾರು ತಡವಾಗುವುದು ಲೇಟೆನ್ಸಿ. ಅಂದರೆ ಇವೆರಡೂ ಬೇರೆ ಬೇರೆ ಕಾಯಿಲೆಗಳಲ್ಲ, ಒಂದೇ ತಕ್ಕಡಿಯ ಎರಡು ತಟ್ಟೆ. ಒಂದನ್ನು ಇಳಿಸಿದರೆ ಇನ್ನೊಂದು ಏಳುತ್ತದೆ.

ಈಗ ಸ್ವಲ್ಪ ಲೆಕ್ಕ. ಇಂಟರ್‌ಫೇಸು ಧ್ವನಿಯನ್ನು ಸೆಕೆಂಡಿಗೆ 44,100 ಅಥವಾ 48,000 ಬಾರಿ ಅಳೆಯುತ್ತದೆ. ಒಂದೊಂದು ಅಳತೆಗೆ ಸ್ಯಾಂಪಲ್ ಅಂತ ಹೆಸರು. ನೀವು ಸೆಟ್ಟಿಂಗಿನಲ್ಲಿ ಬಫರ್ 256 ಅಂತ ಇಟ್ಟರೆ 256 ಸ್ಯಾಂಪಲ್ ತುಂಬಿದಾಗೊಮ್ಮೆ ಕಂಪ್ಯೂಟರ್ ಬಂದು ಎತ್ತಿಕೊಂಡು ಹೋಗಬೇಕು. 48,000ದ ವೇಗದಲ್ಲಿ ಅದು 5.3 ಮಿಲಿಸೆಕೆಂಡಿಗೆ ಒಮ್ಮೆ, ಸೆಕೆಂಡಿಗೆ ಸುಮಾರು 187 ಬಾರಿ. ಒಳಗೆ ಬರುವಾಗ ಒಂದು ಬಕೆಟ್ಟು, ಹೊರಗೆ ಹೋಗುವಾಗ ಇನ್ನೊಂದು, ಜೊತೆಗೆ ಇಂಟರ್‌ಫೇಸು ಮತ್ತು ಯುಎಸ್‌ಬಿ ತೆಗೆದುಕೊಳ್ಳುವ ಕೆಲವು ಮಿಲಿಸೆಕೆಂಡು. ಒಟ್ಟು ಹದಿಮೂರು ಹದಿನಾಲ್ಕರ ಆಸುಪಾಸು. ಧ್ವನಿ ಗಾಳಿಯಲ್ಲಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡು ಬೇಕು. ಹಾಗಾಗಿ ಇದು ಮೃದಂಗದವರು ನಿಮ್ಮಿಂದ ನಾಲ್ಕೂವರೆ ಮೀಟರ್ ದೂರ ಕೂತಷ್ಟೇ ತಡ. ಅನೇಕರಿಗೆ ಗೊತ್ತೂ ಆಗುವುದಿಲ್ಲ. ಮೂವತ್ತು ನಲವತ್ತು ದಾಟಿದರೆ ಮಾತ್ರ ತಾಳ ಜಾರಲು ಶುರುವಾಗುತ್ತದೆ.

ಆ 187 ಬಾರಿಯಲ್ಲಿ ಒಂದು ಸಲ ತಪ್ಪಿದರೂ ಕಿವಿಗೆ ‘ಟಕ್’ ಅಂತ ಬಡಿಯುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಶೇ. 15ರಷ್ಟೂ ಕೆಲಸ ಮಾಡುತ್ತಿರುವುದಿಲ್ಲ. ಜನ ಗೊಂದಲಕ್ಕೆ ಬೀಳುವುದೇ ಇಲ್ಲಿ. ಆ ಗ್ರಾಫು ತೋರಿಸುವುದು ಸರಾಸರಿ. ಧ್ವನಿಗೆ ಬೇಕಾದದ್ದು ಸರಾಸರಿ ವೇಗವಲ್ಲ, ಹೊತ್ತಿಗೆ ಸರಿಯಾಗಿ ಬರುವ ಶಿಸ್ತು. ದಿನವಿಡೀ ಶರವೇಗದಲ್ಲಿ ಓಡುವ ಬಸ್ಸು ನಿಮ್ಮ ಸ್ಟಾಪಿಗೆ ಹತ್ತು ನಿಮಿಷ ತಡವಾಗಿ ಬಂದರೆ ಏನು ಪ್ರಯೋಜನ? ಡಿಸ್ಕಿನ ಮೇಲೂ ಸುಮ್ಮನೆ ಅನುಮಾನ ಬೇಡ. 48,000ದಲ್ಲಿ 24 ಬಿಟ್ಟಿನ ಒಂದು ಮೈಕಿನ ಧ್ವನಿ ನಿಮಿಷಕ್ಕೆ 9 ಎಂಬಿಯೂ ಆಗುವುದಿಲ್ಲ. ಹಳೇ ಹಾರ್ಡ್ ಡಿಸ್ಕಿಗೂ ಅದು ಹೂವು ಎತ್ತಿದ ಹಾಗೆ.

ಹಾಗಾದರೆ ಭಟ್ಟರನ್ನು ಫೋನಿಗೆ ಕರೆಯುವವರು ಯಾರು? ನಮ್ಮ ಮನೆಯದೇ ಒಂದು ಉದಾಹರಣೆ ಹೇಳುತ್ತೇನೆ.

ಸಾಗರದ ಕಡೆಯ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಎಪ್ಪತ್ತೊಂಬತ್ತು. ಅವರ ಅಮ್ಮನಿಂದ, ಅಜ್ಜಿಯಿಂದ ಬಂದ ಸೋಬಾನೆ, ಹಸೆ ಹಾಡು, ತೊಟ್ಟಿಲ ಹಾಡು ಅವರ ನಾಲಿಗೆಯ ಮೇಲಿವೆ. ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಕಳೆದ ಮಳೆಗಾಲದಲ್ಲಿ ಅವರ ಮಗ ಅದನ್ನೆಲ್ಲ ರೆಕಾರ್ಡ್ ಮಾಡಲು ಹೊರಟಾಗ ಪ್ರತಿ ಹಾಡಿನಲ್ಲೂ ಐದಾರು ಕಡೆ ಸದ್ದು ಒಡೆಯುತ್ತಿತ್ತು. ‘ಮತ್ತೊಮ್ಮೆ ಹಾಡಮ್ಮಾ’ ಅಂದರೆ ದೊಡ್ಡಮ್ಮ, ‘ಮತ್ತೆ ಹಾಡು ಅಂದ್ರೆ ಹೆಂಗೆ ಮಾರಾಯಾ? ಸಾಲು ಹಿಡ್ಕೊಂಡು ಹೋಗ್ತಾ ಬರೋದು ಅದು, ನಡುವಿಂದ ಕಿತ್ತು ಕೊಡೋಕಾಗಲ್ಲ’ ಅನ್ನುತ್ತಿದ್ದರು. ನಿಜವೇ. ಎರಡನೇ ಸಲ ಹಾಡುವಾಗ ಉಸಿರು ಸಾಲದೆ ನುಡಿಯೇ ಬಿಟ್ಟುಹೋಗುತ್ತಿತ್ತು. ಎರಡು ಹಾಡು ಹೇಳಿದರೆ ಗಂಟಲು ದಣಿಯುತ್ತದೆ. ಅವರಿಗೆ ನೆನಪಿರುವ ಹೊತ್ತು, ದನಿ ಇರುವ ಹೊತ್ತು, ಎರಡೂ ಕೂಡಿ ಬಂದಾಗ ಯಂತ್ರ ಕೈಕೊಡಬಾರದು.

ನಾನು ರಜೆ ಹಾಕಿ ಹೋದೆ. ಮೊದಲು ನೋಡಿದ್ದು ಬಫರ್, ಅದು 64ಕ್ಕೆ ಇತ್ತು. ‘ಕಮ್ಮಿ ಇದ್ದಷ್ಟೂ ಒಳ್ಳೇದು’ ಅಂತ ಅಣ್ಣ ಯಾವುದೋ ವಿಡಿಯೊದಲ್ಲಿ ನೋಡಿದ್ದ. 64 ಸ್ಯಾಂಪಲ್ ಅಂದರೆ ಬರೀ 1.3 ಮಿಲಿಸೆಕೆಂಡಿನ ಬಕೆಟ್ಟು! ಗಿಟಾರಿನ ಸದ್ದನ್ನು ಕಂಪ್ಯೂಟರಿನೊಳಗೇ ಬದಲಾಯಿಸಿಕೊಂಡು ಅದನ್ನು ಕೇಳುತ್ತಾ ನುಡಿಸುವವರಿಗೆ ಅಷ್ಟು ಸಣ್ಣದು ಬೇಕಾಗಬಹುದು. ದೊಡ್ಡಮ್ಮ ಹೆಡ್‌ಫೋನನ್ನೇ ಹಾಕುವುದಿಲ್ಲ, ಹಾಸಿದ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿ ಹಾಡುತ್ತಾರೆ. ಅವರಿಗೆ ಲೇಟೆನ್ಸಿ ಎಷ್ಟಿದ್ದರೇನು? ಬಫರನ್ನು 512ಕ್ಕೆ ಏರಿಸಿದೆ. ಹತ್ತರಲ್ಲಿ ಒಂಬತ್ತು ಸದ್ದು ಅಲ್ಲೇ ನಿಂತವು.

ಉಳಿದ ಒಂದು ವಿಚಿತ್ರವಾಗಿತ್ತು. ಬೆಳಿಗ್ಗೆ ಎಲ್ಲ ಸರಿ, ಮಧ್ಯಾಹ್ನ ಸುಮಾರು ನಿಮಿಷಕ್ಕೊಂದು ‘ಟಕ್’. ಗಮನಿಸಿದರೆ ಕರೆಂಟ್ ಹೋದಾಗ ಮಾತ್ರ ಹೀಗೆ! ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಇಂಟರ್‌ಫೇಸ್ ಅದರಿಂದಲೇ ನಡೆಯುತ್ತೆ, ರೆಕಾರ್ಡಿಂಗ್‌ಗೆ ಏನು ತೊಂದರೆ? ಆದರೆ ಕರೆಂಟ್ ಹೋದರೆ ವೈಫೈ ರೂಟರ್ ಆರುತ್ತದೆ. ಲ್ಯಾಪ್‌ಟಾಪಿನ ವೈಫೈ ಭಾಗ ಕಳೆದುಹೋದ ನೆಟ್‌ವರ್ಕನ್ನು ಆಗಾಗ ಹುಡುಕುತ್ತಲೇ ಇರುತ್ತದೆ. ಹುಡುಕುವಾಗ ಅದರ ಡ್ರೈವರ್ ಪ್ರೊಸೆಸರನ್ನು ಕೆಲವು ಮಿಲಿಸೆಕೆಂಡು ಹಿಡಿದು ಕೂರಿಸಿಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಬ್ಯಾಟರಿ ಉಳಿಸಲು ಪ್ರೊಸೆಸರ್ ತನ್ನ ವೇಗವನ್ನೂ ತಗ್ಗಿಸಿರುತ್ತದೆ. ಎರಡೂ ಸೇರಿ ಪಂಕ್ತಿಯಲ್ಲಿ ಎಲೆ ಒಣಗುತ್ತಿತ್ತು.

ಇದನ್ನು ಊಹೆಯಿಂದ ಹೇಳಿದ್ದಲ್ಲ. ವಿಂಡೋಸ್‌ನಲ್ಲಿ ಲೇಟೆನ್ಸಿಮಾನ್ ಅಂತ ಒಂದು ಸಾಫ್ಟ್‌ವೇರ್ ಇದೆ, ಮನೆಯ ಬಳಕೆಗೆ ಉಚಿತ. ಅದನ್ನು ಹತ್ತು ನಿಮಿಷ ಓಡಲು ಬಿಟ್ಟರೆ ಯಾವ ಡ್ರೈವರ್ ಪ್ರೊಸೆಸರನ್ನು ಅತಿ ಹೆಚ್ಚು ಹೊತ್ತು ಹಿಡಿದಿಟ್ಟಿತ್ತು ಅಂತ ಹೆಸರು ಸಮೇತ ಪಟ್ಟಿ ಕೊಡುತ್ತದೆ. ಕರೆಂಟ್ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ಓಡಿಸಿ ಎರಡು ಪಟ್ಟಿ ಹೋಲಿಸಿದೆ. ಎರಡನೆಯದರಲ್ಲಿ ನೆಟ್‌ವರ್ಕಿನ ಡ್ರೈವರ್ ತುದಿಗೆ ಬಂದು ಕೂತಿತ್ತು. ವೈಫೈ ಆಫ್ ಮಾಡಿದೆ, ಬ್ಯಾಟರಿಯಲ್ಲಿದ್ದಾಗಲೂ ಪೂರ್ಣ ವೇಗ ಅಂತ ಪವರ್ ಸೆಟ್ಟಿಂಗ್ ಬದಲಿಸಿದೆ. ಆಮೇಲೆ ಹೊರಗೆ ಧಾರಾಕಾರ ಮಳೆ ಸುರಿದದ್ದು ರೆಕಾರ್ಡಿಂಗಿನಲ್ಲಿ ಇದೆ, ‘ಟಕ್’ ಇಲ್ಲ. ಹೊಸದಾಗಿ ಒಂದು ರೂಪಾಯಿಯ ಸಾಮಾನನ್ನೂ ಕೊಂಡಿಲ್ಲ.

ನಿಮ್ಮ ಮನೆಯ ಕಳ್ಳ ಬೇರೆಯವನಿರಬಹುದು. ಆದರೆ ಹುಡುಕುವ ಕ್ರಮ ಒಂದೇ.

ಮೊದಲು ಕೇಳಿಕೊಳ್ಳಿ, ಹಾಡುವವರಿಗೆ ತಮ್ಮ ದನಿ ಕಂಪ್ಯೂಟರಿನಿಂದ ತಿರುಗಿ ಬರಬೇಕಾ? ಹೆಚ್ಚಿನ ಇಂಟರ್‌ಫೇಸುಗಳಲ್ಲಿ ಡೈರೆಕ್ಟ್ ಮಾನಿಟರಿಂಗ್ ಎಂಬ ಗುಂಡಿಯೋ ಸ್ವಿಚ್ಚೋ ಇರುತ್ತದೆ. ಅದನ್ನು ಒತ್ತಿದರೆ ಮೈಕಿನ ಸದ್ದು ಕಂಪ್ಯೂಟರಿಗೆ ಹೋಗಿ ಬರದೆ ನೇರ ಹೆಡ್‌ಫೋನಿಗೆ ಬರುತ್ತದೆ, ತಡ ಇಲ್ಲವೆನ್ನುವಷ್ಟು ಕಮ್ಮಿ. ಆಗ ಬಫರನ್ನು 512, 1024 ಎಷ್ಟಾದರೂ ಇಡಿ. ಅದೇ ಹೊತ್ತಿಗೆ ಸಾಫ್ಟ್‌ವೇರಿನೊಳಗಿನ ಮಾನಿಟರಿಂಗ್ ಆರಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ದನಿ ಜೋಡಿಜೋಡಿಯಾಗಿ ಕೇಳುತ್ತದೆ. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಹಾಡುವುದು ಮಾತ್ರ ಬೇಡವೇ ಬೇಡ. ಅದರ ತಡ ಎಷ್ಟೋ ಸಲ ನೂರು ಮಿಲಿಸೆಕೆಂಡು ದಾಟುತ್ತದೆ, ಯಾವ ಸೆಟ್ಟಿಂಗಿನಿಂದಲೂ ಹೋಗುವುದಿಲ್ಲ. ತಂತಿಯದೇ ಬೇಕು.

ಎರಡನೆಯದು, ಡ್ರೈವರ್. ವಿಂಡೋಸ್ ಆದರೆ ಇಂಟರ್‌ಫೇಸ್ ತಯಾರಿಸಿದವರೇ ಕೊಡುವ ಎಎಸ್‌ಐಒ ಡ್ರೈವರ್ ಹಾಕಿ, ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಅದನ್ನೇ ಆರಿಸಿ. ಇದು ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ವ್ಯವಸ್ಥೆ. ಧ್ವನಿ ವಿಂಡೋಸ್‌ನ ಮಾಮೂಲಿ ಸುತ್ತುದಾರಿ ಬಿಟ್ಟು ನೇರವಾಗಿ ಸಾಗಲೆಂದೇ ಮಾಡಿದ್ದು. ಮ್ಯಾಕ್‌ನಲ್ಲಿ ಕೋರ್ ಆಡಿಯೊ ಮೊದಲೇ ಇರುವುದರಿಂದ ಸಾಮಾನ್ಯವಾಗಿ ಈ ತಲೆನೋವಿಲ್ಲ.

ಮೂರನೆಯದು, ಗಡಿಯಾರ. ಇಂಟರ್‌ಫೇಸು 48,000, ಸಾಫ್ಟ್‌ವೇರು 44,100 ಅಂತಿದ್ದರೆ ಚಿಟಪಟ ಸದ್ದು ಬರಬಹುದು, ಶ್ರುತಿಯೇ ಏರುಪೇರಾಗಬಹುದು. ಎರಡನ್ನೂ ಒಂದೇ ಮಾಡಿ. ಯುಎಸ್‌ಬಿ ಮೈಕಿನಲ್ಲಿ ರೆಕಾರ್ಡ್ ಮಾಡುತ್ತಾ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಲ್ಲಿ ಕೇಳುವವರಿಗೂ ಇದೇ ಮಾತು. ಅವೆರಡಕ್ಕೂ ಬೇರೆ ಬೇರೆ ಗಡಿಯಾರ, ಕೂದಲೆಳೆಯ ವ್ಯತ್ಯಾಸ ಸೇರುತ್ತಾ ಹೋಗಿ ಆಗೊಮ್ಮೆ ಈಗೊಮ್ಮೆ ಒಂದು ‘ಟಕ್’ ಆಗುತ್ತದೆ. ಮೈಕಿನಲ್ಲೇ ಹೆಡ್‌ಫೋನ್ ತೂತಿದ್ದರೆ ಅದನ್ನೇ ಬಳಸಿ.

ನಾಲ್ಕನೆಯದು, ತಂತಿ ಮತ್ತು ವಿದ್ಯುತ್ತು. ಇಂಟರ್‌ಫೇಸನ್ನು ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೆ ಚುಚ್ಚಿ, ತಂತಿ ಬದಲಿಸಿ ನೋಡಿ. ಪವರ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ನಿಲ್ಲಿಸಿ, ಅದು ಪೆಟ್ಟಿಗೆಯನ್ನು ನಿದ್ದೆಗೆ ಕಳಿಸುವ ವ್ಯವಸ್ಥೆ. ಒಂದೇ ಸಮನೆ ‘ಗುಂಯ್’ ಅಂತಿದ್ದರೆ ಅದು ಡ್ರಾಪ್‌ಔಟ್ ಅಲ್ಲ, ಚಾರ್ಜರ್ ಕಿತ್ತು ನೋಡಿ. ಹೋದರೆ ಅದು ಅರ್ಥಿಂಗ್ ಕಡೆಯ ತೊಂದರೆ.

ಐದನೆಯದು, ಹಿನ್ನೆಲೆಯ ಗದ್ದಲ. ವೈಫೈ, ಬ್ಲೂಟೂತ್, ಫೋಟೊಗಳನ್ನು ಇಂಟರ್‌ನೆಟ್ಟಿಗೆ ಏರಿಸುವ ಸಾಫ್ಟ್‌ವೇರು, ವೈರಸ್ ಹುಡುಕಾಟ, ಇಪ್ಪತ್ತು ಟ್ಯಾಬ್ ತೆರೆದಿಟ್ಟ ಬ್ರೌಸರ್. ಎಲ್ಲವನ್ನೂ ಒಟ್ಟಿಗೆ ಆರಿಸಿದರೆ ಸದ್ದು ನಿಲ್ಲಬಹುದು, ಕಾರಣ ಮಾತ್ರ ಗೊತ್ತಾಗದು. ಒಂದೊಂದಾಗಿ ಆರಿಸಿ, ಪ್ರತಿ ಸಲ ಐದು ನಿಮಿಷ ರೆಕಾರ್ಡ್ ಮಾಡಿ. ಆಡಾಸಿಟಿ ಬಳಸುವವರು ರೆಕಾರ್ಡಿಂಗ್ ಸೆಟ್ಟಿಂಗಿನಲ್ಲಿ ಡ್ರಾಪ್‌ಔಟ್ ಪತ್ತೆ ಮಾಡುವ ಆಯ್ಕೆ ಒತ್ತಿದರೆ, ಸದ್ದು ತಪ್ಪಿದ ಜಾಗಕ್ಕೆ ಅದೇ ಗುರುತು ಹಾಕುತ್ತದೆ. ಕೂತು ಕೇಳುವ ಕಷ್ಟವಿಲ್ಲ.

ಇಷ್ಟೆಲ್ಲ ಮಾಡಿಯೂ ಬಫರ್ 1024ರಲ್ಲಿ, ಒಂದೇ ಮೈಕಿನಲ್ಲಿ ಸದ್ದು ಒಡೆದರೆ ಆಗ ಹೊಸ ಯಂತ್ರದ ಮಾತು ಬರಲಿ. ಹತ್ತಾರು ಟ್ರ್ಯಾಕು, ಪ್ರತಿಯೊಂದಕ್ಕೂ ಪ್ರತಿಧ್ವನಿ ಸೇರಿಸಿ ಕೆಲಸ ಮಾಡುವವರಿಗೆ ನಿಜಕ್ಕೂ ಪ್ರೊಸೆಸರ್ ಸಾಲದೇ ಹೋಗಬಹುದು. ಅವರು ಕೂಡ ಮುಗಿದ ಟ್ರ್ಯಾಕುಗಳನ್ನು ಫ್ರೀಜ್ ಮಾಡಿ ನೋಡಬೇಕು, ಅರ್ಧ ಭಾರ ಇಳಿಯುತ್ತದೆ.

ಮನೆಯ ಹಿರಿಯರನ್ನು ರೆಕಾರ್ಡ್ ಮಾಡುವವರಿಗೆ ಇನ್ನೆರಡು ಮಾತು. ಈ ಪರೀಕ್ಷೆಗಳನ್ನೆಲ್ಲ ಹಿಂದಿನ ದಿನವೇ ನಿಮ್ಮದೇ ದನಿಯಲ್ಲಿ ಮುಗಿಸಿ. ಕರೆಂಟ್ ಇದ್ದಾಗ ಅರ್ಧ ಗಂಟೆ, ಚಾರ್ಜರ್ ಕಿತ್ತು ಅರ್ಧ ಗಂಟೆ. ಅವರು ಬಂದು ಕೂತಾಗ ‘ಸ್ವಲ್ಪ ತಡಿ ಅಜ್ಜಿ, ಏನೋ ಸರಿ ಇಲ್ಲ’ ಅನ್ನುವಂತಾಗಬಾರದು. ಪಕ್ಕದಲ್ಲಿ ಫ್ಲೈಟ್ ಮೋಡಿನಲ್ಲಿಟ್ಟ ಒಂದು ಮೊಬೈಲಿನಲ್ಲೂ ರೆಕಾರ್ಡ್ ಆಗುತ್ತಿರಲಿ. ಕಂಪ್ಯೂಟರಿನಲ್ಲಿ ಒಂದು ಅಕ್ಷರ ಹಾರಿದರೆ ಅದರಿಂದ ತಿಳಿದುಕೊಳ್ಳಬಹುದು. ಮುಗಿದ ಮೇಲೆ ಡಬ್ಲ್ಯುಎವಿ ಫೈಲನ್ನು ಎರಡು ಕಡೆ ಉಳಿಸಿ, ಫೈಲಿನ ಹೆಸರಲ್ಲೇ ಹಾಡಿನ ಮೊದಲ ಪದ, ಹಾಡಿದವರು, ಅವರು ಯಾರಿಂದ ಕಲಿತದ್ದು, ದಿನಾಂಕ ಬರೆದಿಡಿ. ನಮ್ಮ ಅಣ್ಣನ ಲ್ಯಾಪ್‌ಟಾಪಿನಲ್ಲಿ ಈಗ ಅಂಥ ನಲವತ್ತೊಂದು ಫೈಲುಗಳಿವೆ. ಇನ್ನೂ ಹದಿನೈದಿಪ್ಪತ್ತು ಹಾಡು ಬಾಕಿ ಇದೆಯಂತೆ.