ಧ್ರುವಪ್ರದೇಶದ ಮೇಲಣ ಹಠಾತ್ ಕಾವು ಮತ್ತು ನಮ್ಮ ಬೇಸಾಯ

ಮಾಗಿಯ ಚಳಿ ತುಸು ಹೆಚ್ಚಿದೊಡನೆ ಅದು ಉತ್ತರ ಧ್ರುವದ ಸುಳಿಗಾಳಿಯ ಫಲವೆಂದೂ, ಅವರೆಯ ಹೂ ಉದುರಿದುದಕ್ಕೂ ಅದೇ ಕಾರಣವೆಂದೂ ಹೇಳುವವರು ಈಚೆಗೆ ಉಂಟು. ಈ ವಿಚಾರದಲ್ಲಿ ಗ್ರಾಮದ ಮುಖ್ಯಸ್ಥರಿಗೂ ಹಿಡುವಳಿದಾರರಿಗೂ ನನ್ನ ಅಭಿಪ್ರಾಯವನ್ನು ಅರಿಕೆಮಾಡುವುದು ಯುಕ್ತವೆಂದು ತೋರುತ್ತದೆ.

ಚಳಿಗಾಲದಲ್ಲಿ ಸೂರ್ಯನನ್ನೇ ಕಾಣದ ಧ್ರುವದ ಸುತ್ತ, ಸುಮಾರು 30 ಕಿಲೋಮೀಟರು ಎತ್ತರದಲ್ಲಿ, ಪಡುವಣ ಗಾಳಿಯು ದೊಡ್ಡ ಸುಳಿಯಾಗಿ ಬೀಸುತ್ತಿರುವುದು. ಹಿಮಾಲಯ, ರಾಕಿ ಮೊದಲಾದ ಪರ್ವತಗಳ ತಡೆಯಿಂದಲೂ, ನೆಲ ಕಡಲುಗಳ ಕಾವಿನ ವ್ಯತ್ಯಾಸದಿಂದಲೂ ವಾಯುವಿನಲ್ಲಿ ಸಾವಿರಾರು ಮೈಲಿ ಉದ್ದದ ಅಲೆಗಳೇಳುವುವು. ಇವಕ್ಕೆ ಗ್ರಹವ್ಯಾಪಿ ಅಲೆಗಳೆಂದು ಹೆಸರು. (ಶನಿ ಕುಜರ ಗೊಡವೆ ಇಲ್ಲಿಲ್ಲ, ಭೂಮಿಯೇ ಆ ಗ್ರಹ.) ಅವು ಮೇಲೇರಿ, ದಡಕ್ಕೆ ಬಡಿದ ತೆರೆಯಂತೆ ಒಡೆದಾಗ ಸುಳಿಯ ವೇಗವು ಕುಗ್ಗುವುದು, ಒಮ್ಮೊಮ್ಮೆ ಗಾಳಿಯು ಮೂಡಣದಿಂದಲೇ ಬೀಸತೊಡಗುವುದು. ಆಗ ಧ್ರುವದ ಮೇಲಣ ವಾಯು ಕೆಳಕ್ಕಿಳಿದು ಒತ್ತಡಕ್ಕೆ ಸಿಕ್ಕಿ, ಬೈಸಿಕಲ್ಲಿನ ಪಂಪು ಒತ್ತಿದಾಗ ಬಿಸಿಯಾಗುವಂತೆ, ಕೆಲವೇ ದಿನಗಳಲ್ಲಿ 30ರಿಂದ 50 ಡಿಗ್ರಿಯಷ್ಟು ಕಾವೇರುವುದು. ಇದನ್ನು 1952ರಲ್ಲಿ ಬರ್ಲಿನ್ನಿನ ರಿಚರ್ಡ್ ಶೆರ್‌ಹಾಗ್ ಎಂಬ ಪಂಡಿತರು ಬೆಲೂನುಗಳ ಮೂಲಕ ಕಂಡುಹಿಡಿದರು. 1971ರಲ್ಲಿ ಜಪಾನಿನ ಮಾಟ್ಸುನೋ ಅವರು ಅದರ ಕಾರಣವನ್ನು ವಿವರಿಸಿದರು. ಸಮುದ್ರವೇ ಹೆಚ್ಚಾಗಿರುವ ದಕ್ಷಿಣಾರ್ಧದಲ್ಲಿ ಇದು ಬಲು ಅಪರೂಪ.

ಯುರೋಪಿನ ರೈತರಿಗೆ ಇದು ಬರಿಯ ಕುತೂಹಲದ ಸಂಗತಿಯಲ್ಲ. 2018ರ ಫೆಬ್ರವರಿ ಮಧ್ಯದಲ್ಲಿ ಸುಳಿಯು ಎರಡಾಗಿ ಸೀಳಿತು. ಎರಡು ವಾರಗಳ ತರುವಾಯ ಬ್ರಿಟನ್, ಐರ್ಲೆಂಡುಗಳಿಗೆ ಮೂಡಣ ಶೀತಗಾಳಿ ನುಗ್ಗಿ, ರಸ್ತೆಗಳು ಹಿಮದಲ್ಲಿ ಹೂತುಹೋದುವು. ಹಾಲಿನ ಗಾಡಿ ಬಾರದೆ ಕೆಲವರು ಕರೆದ ಹಾಲನ್ನು ಚೆಲ್ಲಬೇಕಾಯಿತು. ಎರಡು ವಾರ ಮುಂಚಿತವಾಗಿ ಸುಳುಹು ದೊರೆತರೆ ಮೇವು ಕೂಡಿಡುವುದಕ್ಕೆ ಅದೇನು ಅಲ್ಪಾವಧಿಯೆ? ಆದರೆ ಪ್ರತಿಯೊಂದು ಕಾವಿನ ಪರಿಣಾಮವೂ ನೆಲದವರೆಗೆ ಇಳಿಯುವುದಿಲ್ಲ. ಆದುದರಿಂದ ಅಲ್ಲಿನ ತಜ್ಞರೂ ‘ಸಂಭವವುಂಟು’ ಎಂದಷ್ಟೇ ಹೇಳುವರು.

ನಮ್ಮ ಸೀಮೆಯ ಮಾತು ಬೇರೆ. ಧ್ರುವದ ಮೇಲ್ವಾಯು ಕಾವೇರಿದಾಗ ಉಷ್ಣವಲಯದ ಮೇಲ್ವಾಯು ತುಸು ತಂಪಾಗುವುದು ದಿಟ. ಅಷ್ಟರಿಂದಲೇ ಕೋಲಾರದ ಅವರೆಹೊಲಕ್ಕೆ ಕೇಡಾಯಿತೆನ್ನಲು ಆಧಾರ ಸಾಲದು. ಇಂಥ ವದಂತಿಗೆ ಅಂಜಿ ಕಾಳು ಬಲಿಯುವ ಮುನ್ನವೇ ಫಸಲನ್ನು ಅಗ್ಗಕ್ಕೆ ಒಪ್ಪಿಸುವುದನ್ನೂ, ಬೇಡದ ಔಷಧಿ ಸಿಂಪಡಿಸಿ ಹಣ ಕಳೆಯುವುದನ್ನೂ ನಾನು ಒಪ್ಪಲಾರೆ. ಹೂ ಉದುರಿದರೆ ಮೊದಲು ಮಣ್ಣಿನ ತೇವವನ್ನೂ ಹುಳುವಿನ ಬಾಧೆಯನ್ನೂ ನೋಡತಕ್ಕದ್ದು. ಮಂಗಳವಾರ, ಶುಕ್ರವಾರಗಳಂದು ಹೊರಡುವ ಹವಾಮಾನ ಇಲಾಖೆಯ ಕೃಷಿ ಸಲಹೆಯನ್ನು ಮುಖ್ಯಸ್ಥರು ಊರಿನ ಚಾವಡಿಯಲ್ಲಿ ಓದಿಸಿದರೆ, ಓದು ಬಾರದ ಒಕ್ಕಲುಗಳಿಗೂ ಅದು ಆ ದಿನವೇ ತಲುಪುವುದು.