ಅಳೆಯದೆ ಬರೆದ ಅಳತೆ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಎಂಜಿನಿಯರ್ ಆಗಿ ದುಡಿದವನು ನಾನು. ನಮ್ಮ ಕೆಲಸದಲ್ಲಿ ಎಂ.ಬಿ. ಎಂಬ ಪುಸ್ತಕವಿರುತ್ತದೆ, ಅಂದರೆ ಅಳತೆ ಪುಸ್ತಕ. ಕಟ್ಟಿದ್ದು ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಎಂದು ಸ್ಥಳದಲ್ಲೇ ಟೇಪು ಹಿಡಿದು ಅಳೆದು ಅದರಲ್ಲಿ ಬರೆಯಬೇಕು. ಗುತ್ತಿಗೆದಾರರ ಬಿಲ್ಲು ಹುಟ್ಟುವುದೇ ಆ ಪುಟದಿಂದ. ಪುಟ ಹರಿಯುವಂತಿಲ್ಲ. ತಪ್ಪಾದರೆ ಅಳಿಸುವಂತೆಯೂ ಇಲ್ಲ. ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಬೇಕು.

ನೌಕರಿಗೆ ಸೇರಿದ ಎರಡನೇ ವರ್ಷ. ಹಳ್ಳದ ಮೇಲೊಂದು ಸಣ್ಣ ಸೇತುವೆ. ನಾನು ಹೋಗುವಷ್ಟರಲ್ಲಿ ಬುನಾದಿಗೆ ಕಾಂಕ್ರೀಟ್ ಹಾಕಿ ಮುಗಿಸಿದ್ದರು. ತಗ್ಗು ಎಷ್ಟು ಆಳ ತೆಗೆದಿದ್ದರೋ ನಾನು ಕಂಡಿರಲಿಲ್ಲ. "ನಕ್ಷೆದಾಗ ಇದ್ದಂಗನ ತಗದೀವ್ರಿ ಸಾಹೇಬ್ರ, ಬರಕೊಳ್ರಿ" ಎಂದರು. "ಎಷ್ಟು ದಿನ ಬಿಲ್ಲು ಹಿಡಕೊಂಡು ಕೂಡ್ತಿ?" ಎಂದು ಮೇಲಿನವರೂ ಕೇಳಿದರು. ಬರೆದುಬಿಟ್ಟೆ. ದುಡ್ಡು ಮುಟ್ಟಲಿಲ್ಲ. ಬರೀ ಅಂಜಿಕೆಗೆ ಬರೆದೆ.

ಸೇತುವೆ ಬೀಳಲಿಲ್ಲ. ಇಂದಿಗೂ ಅದರ ಮೇಲೆ ಬಸ್ಸು ಓಡಾಡುತ್ತವೆ. ಆದರೆ ಅಂದು ನನ್ನೊಳಗೊಂದು ರೂಢಿ ಹುಟ್ಟಿತು. ಎದುರಿನವರು ಮುಖ ಗಂಟಿಕ್ಕುವ ಮೊದಲೇ ಒಪ್ಪಿಕೊಂಡುಬಿಡುವ ರೂಢಿ. ಕಚೇರಿಯಲ್ಲಿ ಅದನ್ನು ಬಿಡಲು ಕೆಲವು ವರ್ಷ ಹಿಡಿಯಿತು. ಒಂದೆರಡು ವರ್ಗಾವಣೆಗಳನ್ನೂ ಉಂಡೆ. ಮನೆಯಲ್ಲಿ ಮಾತ್ರ ಅದು ಹಾಗೇ ಉಳಿದಿತ್ತು. ಅದು ನನಗೆ ಗೊತ್ತಾದದ್ದು ಮಗಳ ಮದುವೆಯಲ್ಲಿ.

ಮದುವೆಗೆ ಹದಿನೈದು ದಿನ ಮೊದಲು ನಮ್ಮೂರ ಮಠದ ಶಿವಾನುಭವ ಗೋಷ್ಠಿಯಲ್ಲಿ ಪಂಚಸೂತಕಗಳ ಬಗ್ಗೆ ಅರ್ಧ ತಾಸು ಮಾತಾಡಿದ್ದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದರಲ್ಲಿ ಒಂದನ್ನೂ ಶರಣರು ಒಪ್ಪಲಿಲ್ಲವೆಂದು ಹೇಳಿದಾಗ ಚಪ್ಪಾಳೆ ಬಿದ್ದಿತ್ತು. ಶಾಲು ಹೊದೆಸಿದ್ದರು.

ಮದುವೆ ಮನೆಯಲ್ಲಿ ನನ್ನ ಅಕ್ಕ ಇದ್ದಳು. ನನ್ನನ್ನು ಎತ್ತಿ ಆಡಿಸಿದವಳು. ನಾನು ಹುಬ್ಬಳ್ಳಿಯಲ್ಲಿ ಬಿ.ಇ. ಓದುವಾಗ ವಾರಕ್ಕೊಮ್ಮೆ ಬಸ್ಸಿನಲ್ಲಿ ರೊಟ್ಟಿ ಗಂಟು ಕಳಿಸಿದವಳು. ಮೂವತ್ತೆರಡನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ಎಂಟು ದಿನ ಮೊದಲೇ ಬಂದು ಹಪ್ಪಳ, ಸಂಡಿಗೆ, ಉಂಡಿ ಎಲ್ಲ ಅವಳೇ ನಿಂತು ಮಾಡಿಸಿದಳು. ಮದುಮಗಳಿಗೆ ಅರಿಶಿನ ಹಚ್ಚುವ ಹೊತ್ತಿಗೆ ನೋಡುತ್ತೇನೆ, ಅಡಿಗೆಮನೆ ಬಾಗಿಲ ಹಿಂದೆ ನಿಂತಿದ್ದಾಳೆ. ಅಲ್ಲಿ ನಿಲ್ಲು ಎಂದು ಯಾರೂ ಹೇಳಿರಲಿಲ್ಲ. ಹೊರಗೆ ಬಾ ಎಂದೂ ಯಾರೂ ಕರೆಯಲಿಲ್ಲ. ನಾನು ಕರೆಯಬಹುದಿತ್ತು. ಬೀಗರು ಕುಳಿತಿದ್ದರು. ಯಾರೋ ಕರೆದಂತೆ ನಟಿಸಿ ನಾನು ಅಂಗಳಕ್ಕೆ ಹೋಗಿಬಿಟ್ಟೆ.

ಅಂದು ರಾತ್ರಿ ನೆನಪಾದದ್ದು ಆ ಸೇತುವೆ. ಗಂಡನನ್ನು ಕಳೆದುಕೊಂಡವಳು ಎದುರು ಬಂದರೆ ಕೇಡು ಎಂದು ಅಳೆದು ನೋಡಿದವರು ಯಾರು? ಹಿಂದಿನವರ ಪುಸ್ತಕದಲ್ಲಿ ಇದ್ದದ್ದನ್ನು ನಾವು ನಮ್ಮ ಪುಸ್ತಕಕ್ಕೆ ಇಳಿಸಿಕೊಂಡು ಸಹಿ ಮಾಡುತ್ತೇವೆ, ಅಷ್ಟೇ. ಗಂಡ ತೀರಿದ ದಿನ ಅಕ್ಕನ ಕೊರಳಿನ ತಾಳಿ ತೆಗೆದರು. ಇಷ್ಟಲಿಂಗ ತೆಗೆಯಲಿಲ್ಲ, ಅದು ಇಂದಿಗೂ ಅವಳ ಎದೆಯ ಮೇಲಿದೆ. ಲಿಂಗ ಧರಿಸಿದವಳು ಅಮಂಗಳೆ ಎಂದರೆ ನಾವು ಅಮಂಗಳ ಎನ್ನುತ್ತಿರುವುದು ಯಾವುದನ್ನು?

ನಮ್ಮ ಪರಂಪರೆಯಲ್ಲಿ ಅಳತೆ ಬಲ್ಲವಳೆಂದರೆ ನನಗೆ ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಕಣ್ಣಳತೆಯಲ್ಲೇ ಗುರುತಿಸಿ, ಹೆಚ್ಚಿನದನ್ನು ತಂದಲ್ಲೇ ಸುರಿದು ಬರಲು ಕಳಿಸಿದಳೆಂಬ ಕಥೆ ನಮಗೆಲ್ಲ ಗೊತ್ತು. ನಾವು ಅದನ್ನು ದುರಾಸೆಯ ವಿರುದ್ಧದ ಕಥೆಯಾಗಿ ಹೇಳುತ್ತೇವೆ. ನನಗೀಗ ಅದು ಧೈರ್ಯದ ಕಥೆಯಾಗಿಯೂ ಕಾಣುತ್ತದೆ. ಆಕೆ ಅದನ್ನು ಸಭೆಯಲ್ಲಿ ಹೇಳಲಿಲ್ಲ. ಮನೆಯ ಹೊಸ್ತಿಲಲ್ಲಿ, ದಿನವೂ ಮುಖ ನೋಡಬೇಕಾದ ಗಂಡನಿಗೆ ಹೇಳಿದಳು.

ಮಗಳಿಗೆ ಹೆಣ್ಣು ಮಗು ಹುಟ್ಟಿತು. ತೊಟ್ಟಿಲು ಕಾರ್ಯದ ಹಿಂದಿನ ದಿನವೇ ಬೀಗರಿಗೆ ಫೋನು ಮಾಡಿ, ಮಗುವನ್ನು ಮೊದಲು ತೊಟ್ಟಿಲಿಗೆ ಹಾಕುವವಳು ನನ್ನ ಅಕ್ಕ ಎಂದು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ಮನಿ ಕಾರ್ಯರಿ" ಎಂದರು. ಒಪ್ಪದವಳು ಅಕ್ಕನೇ. "ಬ್ಯಾಡೋ ತಮ್ಮಾ, ಕೂಸಿಗೆ ಏನರೆ ಆದ್ರ ನನ್ನ ಮ್ಯಾಲ ಬರತೈತಿ" ಎಂದಳು. ಮಗಳು ಎದ್ದು ಬಂದು ಕೂಸನ್ನು ಅವಳ ಕೈಯಲ್ಲಿಟ್ಟಳು. ಅಕ್ಕ ವಿಭೂತಿ ಹಚ್ಚಿ ತೊಟ್ಟಿಲಿಗೆ ಹಾಕಿದಳು. ಅವಳ ಕೈ ನಡುಗುತ್ತಿತ್ತು. ಹಿರಿಯರೊಬ್ಬರು ಎದ್ದು ಪಡಸಾಲೆಗೆ ಹೋದರು. ಊಟಕ್ಕೆ ಮಾತ್ರ ಬಂದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಮುಂದಿನ ವಾರ ಲಸಿಕೆ ಹಾಕಿಸಿದ ರಾತ್ರಿ ಕೂಸಿಗೆ ಜ್ವರ ಬಂತು. ಬರಬಹುದೆಂದು ದವಾಖಾನೆಯಲ್ಲಿ ಹೇಳಿಯೇ ಕಳಿಸಿದ್ದರು. ಆದರೂ ಅಕ್ಕ ರಾತ್ರಿಯೆಲ್ಲ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು, ಒಳಗೆ ಬರಲಿಲ್ಲ. ಸುಳ್ಳೇಕೆ ಹೇಳಲಿ, ಅರ್ಧ ತಾಸು ಭಾಷಣ ಮಾಡಿದ ನನ್ನ ತಲೆಯಲ್ಲೂ ಒಂದು ಕ್ಷಣ ಆ ಹಳೆಯ ವಿಚಾರ ಸುಳಿಯಿತು. ನನಗೆ ನಾನೇ ನಾಚಿದೆ. ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿತ್ತು. ಕೂಸನ್ನು ಒಯ್ದು ಅಕ್ಕನ ತೊಡೆಯ ಮೇಲೆ ಮಲಗಿಸಿದೆ. ಮರುದಿನವೂ ಹಾಗೇ ಮಾಡಿದೆ, ಅದರ ಮರುದಿನವೂ.

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆಂದು ಬಹಳ ಜನ ತಿಳಿದಿರುತ್ತಾರೆ. ಅದು ಗಟ್ಟಿಯಾಗುವುದು ತೇವದಿಂದ. ಹಾಕಿದ ಮೇಲೆ ಕಡಿಮೆಯೆಂದರೂ 7 ದಿನ ಗೋಣಿತಟ್ಟು ಹೊದೆಸಿ ನೀರುಣಿಸಬೇಕು. ಅದರ ಬಲವನ್ನು ನಾವು ಲೆಕ್ಕ ಹಾಕುವುದು 28ನೇ ದಿನಕ್ಕೆ. ಸ್ಲ್ಯಾಬ್ ಹಾಕುವ ದಿನ ಎಲ್ಲರೂ ಇರುತ್ತಾರೆ, ಪೂಜೆ, ಸಿಹಿ, ಫೋಟೋ. ಮರುದಿನ ಕೊಡ ಹಿಡಿದು ಏಣಿ ಹತ್ತುವವರು ಒಬ್ಬರೋ ಇಬ್ಬರೋ. ಧೈರ್ಯಕ್ಕೂ ಇದೇ ಮಾತು. ತೊಟ್ಟಿಲು ಕಾರ್ಯದ ದಿನದ್ದು ಹಾಕಿದ ಧೈರ್ಯ. ಜ್ವರ ಬಂದ ಮರುದಿನದ್ದು ನೀರುಣಿಸಿದ ಧೈರ್ಯ. ಎರಡನೆಯದಿಲ್ಲದಿದ್ದರೆ ಮೊದಲನೆಯದು ಬಿರುಕು ಬಿಡುತ್ತಿತ್ತು.

ಶರಣ ಬಂಧುಗಳೇ, ನಮ್ಮ ಧೈರ್ಯ ವೇದಿಕೆಯ ಮೇಲೆ ಬಹಳ ಜೋರಾಗಿದೆ, ಏಕೆಂದರೆ ಅಲ್ಲಿ ಅದಕ್ಕೆ ಬೆಲೆ ತೆರಬೇಕಿಲ್ಲ. ಬೀಗರ ಮುಂದೆ, ಅಣ್ಣತಮ್ಮಂದಿರ ಮುಂದೆ, ನಮ್ಮದೇ ಹೆದರಿಕೆಯ ಮುಂದೆ ಅದರ ದನಿ ಅಡಗುತ್ತದೆ. ನಾವು ನಾವಾಗಿರುವುದು ಎಂದರೆ ಗೋಷ್ಠಿಯಲ್ಲಿ ಮಾತಾಡಿದವನೂ ಮದುವೆ ಮನೆಯಲ್ಲಿ ನಿಂತವನೂ ಒಬ್ಬನೇ ಆಗಿರುವುದು. ನಾನು ಹಾಗಾಗಲು ಅರವತ್ತು ದಾಟಬೇಕಾಯಿತು. ನಿಮಗೆ ಅಷ್ಟು ತಡವಾಗದಿರಲಿ.

ನಿಮ್ಮ ಮನೆಯ ಮುಂದಿನ ಕಾರ್ಯದಲ್ಲಿ ಬಾಗಿಲ ಹಿಂದೆ ಯಾರು ನಿಂತಿದ್ದಾರೆ, ಒಮ್ಮೆ ತಿರುಗಿ ನೋಡಿ. ಹೆಸರು ಹಿಡಿದು ಕರೆಯಿರಿ. ಮರುದಿನವೂ ಕರೆಯಿರಿ.

ನನ್ನ ಮೊಮ್ಮಗಳಿಗೆ ಈಗ ನಾಲ್ಕು ವರ್ಷ. ಶಾಲೆಗೆ ಹೊರಡುವಾಗ ಅಕ್ಕನ ಕೈಯಿಂದ ವಿಭೂತಿ ಹಚ್ಚಿಸಿಕೊಳ್ಳದೆ ಹೊಸ್ತಿಲು ದಾಟುವುದಿಲ್ಲ. ಅದರಲ್ಲೇನು ವಿಶೇಷವೆಂದು ಅವಳಿಗೆ ಗೊತ್ತೇ ಇಲ್ಲ.