ಎಮ್ಮೆಗೆ ರವದಿ, ಯಜಮಾನನಿಗೆ ಬರೇ ಸ್ಲ್ಯಾಬು

ಮೂಡಲಗಿಯಿಂದ ಗೋಕಾಕಕ್ಕೆ ಬರುವ ದಾರಿಯಲ್ಲಿ ಕಬ್ಬಿನ ಹೊಲಗಳ ನಡುವೆ ಹೊಸ ಮನೆಗಳು ಬಹಳ ಎದ್ದಿವೆ. ಮನೆಯ ಮಗ್ಗುಲಿಗೆ ಎಮ್ಮೆಗಳ ಕೊಟ್ಟಿಗೆ. ಕೊಟ್ಟಿಗೆಯ ಪತ್ರಾಸಿನ ಮೇಲೆ ರೈತ ಗೇಣುದ್ದ ದಪ್ಪಕ್ಕೆ ಕಬ್ಬಿನ ರವದಿ ಹೊದಿಸಿರುತ್ತಾನೆ. ಪತ್ರಾಸು ಕಾದರೆ ಎಮ್ಮೆ ಏದುಸಿರು ಬಿಡುತ್ತದೆ, ಹಾಲು ಕಡಿಮೆ ಮಾಡುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಅದೇ ರೈತನ ಸ್ವಂತ ಮನೆಯ ಮೇಲೆ ಮಾತ್ರ ಬರೇ ಸ್ಲ್ಯಾಬು. ಒಳಗೆ ಒಂದೂವರೆ ಟನ್ನಿನ ಎಸಿ. ಎಮ್ಮೆಯ ಪಾಲಿಗೆ ಬಿಸಿಲನ್ನು ಹೊರಗೇ ತಡೆಯುವ ಶಾಸ್ತ್ರ. ಯಜಮಾನನ ಪಾಲಿಗೆ ಬಿಸಿಲನ್ನು ಒಳಗೆ ಕರೆದುಕೊಂಡು, ಆಮೇಲೆ ದುಡ್ಡು ಕೊಟ್ಟು ಅದನ್ನು ಹೊರಗೆ ಹಾಕಿಸುವ ಶಾಸ್ತ್ರ!

ರೈತನನ್ನು ಹಂಗಿಸುವದು ನನ್ನ ಉದ್ದೇಶವಲ್ಲ. ಅವನು ಮನೆ ಕಟ್ಟುವಾಗ ಮೇಲ್ಪಂಕ್ತಿಯೆಂದು ನೋಡಿದ್ದು ನಮ್ಮನ್ನು. ಗೋಕಾಕ, ಹುಕ್ಕೇರಿ ಪೇಟೆಗಳಲ್ಲಿ ಪಗಾರ ಎಣಿಸುವ, ನಾಲ್ಕಕ್ಷರ ಕಲಿತ ಮಂದಿಯನ್ನು. ಆದುದರಿಂದ ಈ ಜಗಳ ನಮ್ಮ ನಮ್ಮೊಳಗಿನದು. ನಮ್ಮ ಮನೆಯ ಕಾವು ಎಲ್ಲಿಂದ ಬರುತ್ತದೆ, ಅದನ್ನು ಕಳೆಯುವ ಯಂತ್ರ ಹೇಗೆ ನಡೆಯುತ್ತದೆ, ಅದಕ್ಕೆ ನಾವು ಕೊಡುವ ಹಣ ಯಾವ ಲೆಕ್ಕದಿಂದ ಬರುತ್ತದೆ ಎಂಬ ಮೂರು ವಿಷಯಗಳನ್ನೂ ನಾವು ಪರರ ಕೈಗೆ ಬಿಟ್ಟುಕೊಟ್ಟಿದ್ದೇವೆ. ಕಾವು ಕಂತ್ರಾಟದಾರನ ಕೈಗೆ, ಯಂತ್ರ ಅಂಗಡಿಯವನ ಕೈಗೆ, ಲೆಕ್ಕ ಮೀಟರ್ ಓದುವವನ ಕೈಗೆ.

ಮೊದಲು ಕಾವಿನ ಮಾತು. 10 ಫೂಟು ಅಗಲ, 12 ಫೂಟು ಉದ್ದದ ಒಂದು ಮಲಗುವ ಕೋಣೆಯಿದೆಯೆಂದು ಹಿಡಿಯಿರಿ. ಅದರ ಮೇಲಿನ ಸ್ಲ್ಯಾಬು ಸುಮಾರು 11 ಚದರ ಮೀಟರು. ಬೇಸಿಗೆಯ ನಡುಹಗಲು ನೆತ್ತಿಯ ಬಿಸಿಲು ಒಂದು ಚದರ ಮೀಟರಿನ ಮೇಲೆ ಹೆಚ್ಚುಕಡಿಮೆ ಒಂದು ಕಿಲೋವಾಟಿನ ಪ್ರಮಾಣದಲ್ಲಿ ಸುರಿಯುತ್ತದೆ. ಅಂದರೆ ಆ ಒಂದು ಕೋಣೆಯ ತಲೆಯ ಮೇಲೆ 11 ಕಿಲೋವಾಟು. ಒಂದೂವರೆ ಟನ್ನಿನ ಎಸಿ ತನ್ನ ಪೂರ್ತಿ ಶಕ್ತಿ ಹಾಕಿ ಹೊರಗೆಳೆಯಬಲ್ಲದ್ದು ಐದು ಕಿಲೋವಾಟಿಗಿಂತ ತುಸು ಹೆಚ್ಚು. ಮೇಲೆ ಬಿದ್ದ ಬಿಸಿಲೆಲ್ಲ ಕೆಳಗಿಳಿಯುವದಿಲ್ಲ, ನಿಜ. ಆದರೆ ನಾಲ್ಕೈದು ಇಂಚಿನ ಕಪ್ಪಡರಿದ ಸಿಮೆಂಟು ದಿನವಿಡೀ ಕುಡಿದ ಕಾವನ್ನು ಸಂಜೆಯಿಂದ ನಡುರಾತ್ರಿಯವರೆಗೆ ಒಳಗಡೆ ಕಾರುತ್ತದೆ. ಫ್ಯಾನು ಹಾಕಿದರೆ ಆ ಕಾವೇ ಮೈಮೇಲೆ ಬೀಸುತ್ತದೆ. ಮನೆಯವರು ನಿದ್ದೆಗೆ ತೊಡಗುವ ಹೊತ್ತೂ ಸ್ಲ್ಯಾಬು ಕಾವು ಬಿಡುವ ಹೊತ್ತೂ ಒಂದೇ ಆದದ್ದು ನಮ್ಮ ದುರ್ದೈವ.

ಹಳೆಯ ಮಾಳಿಗೆಯ ಮನೆಯಲ್ಲಿ ಈ ಹೊತ್ತಿನ ಲೆಕ್ಕವೇ ಬೇರೆ ಇತ್ತು. ತೊಲೆ, ಜಂತಿ, ಅದರ ಮೇಲೆ ಹಲಗೆ, ಅದರ ಮೇಲೆ ತೊಪ್ಪಲು-ಹುಲ್ಲು, ಮೇಲೆ ಒಂದು ಫೂಟಿನಷ್ಟು ಮಣ್ಣು. ಕಾವು ಆ ಮಣ್ಣನ್ನು ದಾಟಿ ಕೆಳಗೆ ಬರುವಷ್ಟರಲ್ಲಿ ಸೂರ್ಯ ಮುಳುಗಿರುತ್ತಿದ್ದ, ಮೇಲೆ ಗಾಳಿ ತಂಪಾಗಿರುತ್ತಿತ್ತು. ಬಹುಪಾಲು ಕಾವು ಬಂದ ದಾರಿಯಿಂದಲೇ ಹಿಂದಿರುಗುತ್ತಿತ್ತು. ನಡುಮನೆಯ ಬೆಳಕಿಂಡಿ ಬೆಳಕಿಗಷ್ಟೇ ಇದ್ದದ್ದಲ್ಲ. ಮೇಲೇರಿದ ಬಿಸಿಗಾಳಿಗೆ ಅದೇ ಬಾಗಿಲು. ಇದನ್ನು ಕಟ್ಟಿದ ಗೌಂಡಿ ಭೌತಶಾಸ್ತ್ರ ಓದಿರಲಿಲ್ಲ. ಆದರೆ ಬೆಳಕಿಂಡಿ ಯಾಕೆಂದು ಕೇಳಿದರೆ ಆ ಮನೆಯ ಅಜ್ಜಿಯೂ ಹೇಳಬಲ್ಲವಳಾಗಿದ್ದಳು.

ಇಷ್ಟು ಹೇಳಿದ ಕೂಡಲೆ ನಮ್ಮ ಸಾಹಿತ್ಯದ ಗೆಳೆಯರು ಕೆಲವರು ಸಂತೋಷಪಡುವದನ್ನು ನಾನು ಬಲ್ಲೆ. 'ಹೌದು, ಹೌದು, ಆ ಮಣ್ಣಿನ ಮನೆ, ಆ ತಂಪು!' ಎಂದು ಅವರ ಲೇಖನಿ ಕಣ್ಣೀರಿಡುತ್ತದೆ. ಇಂಥ ಲಲಿತ ಪ್ರಬಂಧಗಳನ್ನು ಬರೆಯುವವರು ಬಹುತೇಕ ದೊಡ್ಡ ಊರಿನ ಎಸಿ ಕೋಣೆಗಳಲ್ಲಿಯೇ ಕುಳಿತು ಬರೆಯುತ್ತಾರೆಂಬುದು ನನ್ನ ಗುಮಾನಿ. ಮಿರಗದ ಮಳೆ ಬರುವ ಮೊದಲು ಹಾಳುಮಣ್ಣನ್ನು ಬುಟ್ಟಿ ಬುಟ್ಟಿ ಹೊತ್ತು ಮಾಳಿಗೆಗೆ ಏರಿಸಿದವರು ಯಾರು? ಸೋರುವ ಕಡೆಗೆಲ್ಲ ಬೋಗುಣಿ ಇಟ್ಟು ರಾತ್ರಿ ಕಳೆದವರು ಯಾರು? 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೆ ನುಗ್ಗಿದಾಗ ನೀರುಂಡ ಮಣ್ಣಿನ ಗೋಡೆಗಳು ಒಂದರ ಹಿಂದೊಂದು ಕುಸಿದವು. ಅದನ್ನು ಕಂಡವನಿಗೆ 'ಮಣ್ಣಿನ ಮನೆಯನ್ನೇ ಮತ್ತೆ ಕಟ್ಟು' ಎಂದು ಹೇಳಲು ನಾಲಗೆ ಏಳಲಾರದು. ಪೂರ್ತಿ ಬಿದ್ದ ಮನೆಗೆ ಸರಕಾರ ಐದು ಲಕ್ಷ ರೂಪಾಯಿ ಪರಿಹಾರ ಸಾರಿತು. ಜನ ಸ್ಲ್ಯಾಬಿನ ಮನೆ ಕಟ್ಟಿಕೊಂಡರು, ಸರಿಯೇ. ತಲೆಯ ಮೇಲೆ ಬೀಳಲಾರದ ಸೂರು ಬೇಕೆಂದು ಆಶಿಸುವದು ಅಪರಾಧವಲ್ಲ. ನನ್ನ ತಕರಾರು ಇಷ್ಟೇ: ಮಣ್ಣು ಹೋಯಿತು, ಅದರ ಸಂಗಡ ಮಣ್ಣು ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡಬೇಕೆಂದು ಯಾರೂ ಕೇಳಲಿಲ್ಲ. ನಕಾಶೆಯಲ್ಲಿ ವಾಸ್ತುವಿನ ಮೂಲೆಗಳೆಲ್ಲ ಬಂದವು, ಬಿಸಿಲು ಮಾತ್ರ ಬರಲಿಲ್ಲ.

ಆ ಕೆಲಸ ಮಾಡುವದಕ್ಕೆ ದೊಡ್ಡ ಬಂಡವಾಳವೇನೂ ಬೇಡ. ಯುಗಾದಿಗೆ ಮುಂಚೆ ಸ್ಲ್ಯಾಬಿನ ಮೇಲ್ಭಾಗವನ್ನು ತೊಳೆದು ದಟ್ಟವಾಗಿ ಎರಡು ಕೈ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಆಕಾಶಕ್ಕೇ ಮರಳುತ್ತದೆ; ಕೆಳಗಿನ ಕೋಣೆಯಲ್ಲಿ ಎರಡು-ಮೂರು ಡಿಗ್ರಿ ಇಳಿಯುವದನ್ನು ಉಷ್ಣಮಾಪಕ ಹಿಡಿದು ಯಾರೂ ನೋಡಬಹುದು. ತೆಲಂಗಾಣ ಸರಕಾರ 2023ರಲ್ಲಿ ತಂಪು ಸೂರಿನ ನೀತಿಯನ್ನೇ ಹೊರಡಿಸಿತು. ಪಡುವಣ ಗೋಡೆಗೆ ನೆರಳು, ಸ್ಲ್ಯಾಬಿನ ಮೇಲೆ ಬಿದಿರಿನ ಚಪ್ಪರ, ಇಲ್ಲವೆ ರವದಿಯ ಹೊದಿಕೆ: ಇವೆಲ್ಲ ಕಂಡ ಸಂಗತಿಗಳೇ. (ರವದಿಗೆ ಬೆಂಕಿಯ ಭಯವುಂಟು, ಅಡಿಗೆಮನೆಯ ಹೊಗೆಗೂಡಿನ ಹತ್ತಿರ ಸಲ್ಲದು.) ನಮ್ಮ ಕಡೆ ಏಪ್ರಿಲ್-ಮೇ ತಿಂಗಳ ಗಾಳಿ ಒಣಗಾಳಿ. ಆದುದರಿಂದ ನೀರು ಹನಿಯುವ ಕೂಲರು ಆಗ ಚೆನ್ನಾಗಿ ನಡೆಯುತ್ತದೆ, ಎಸಿಗಿಂತ ಎಷ್ಟೋ ಕಡಿಮೆ ವಿದ್ಯುತ್ತಿನಲ್ಲಿ. ಮಳೆಗಾಲದ ತೇವದಲ್ಲಿ ಮಾತ್ರ ಅದು ಕೆಲಸಕ್ಕೆ ಬಾರದು. ಕಿಟಕಿ ಮುಚ್ಚಿ ಅದನ್ನು ಹಚ್ಚಿದರಂತೂ ಯಾವ ಕಾಲದಲ್ಲಿಯೂ ಬಾರದು.

ಇನ್ನು ಎಸಿ. ಅದನ್ನು ನಾನು ವಿರೋಧಿಸುವದಿಲ್ಲ. ಮುದುಕರು, ಬಾಣಂತಿಯರು, ರೋಗಿಗಳು ಇರುವ ಮನೆಗೆ ಅದು ಇತ್ತಿತ್ತಲಿನ ಬೇಸಿಗೆಗಳಲ್ಲಿ ಐಷಾರಾಮವಲ್ಲ. ಆದರೆ ಕೊಂಡವರಿಗೆ ಅದರ ಬಗ್ಗೆ ಗೊತ್ತಿರುವದೇನು? 'ಒಂದೂವರೆ ಟನ್' ಎಂದರೆ ಯಂತ್ರದ ತೂಕವೆಂದು ತಿಳಿದ ಪದವೀಧರರನ್ನು ನಾನು ಕಂಡಿದ್ದೇನೆ. ಟನ್ನೆಂಬುದು ಮಂಜುಗಡ್ಡೆಯ ಕಾಲದ ಅಳತೆ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಸುತ್ತಣ ಎಷ್ಟು ಕಾವನ್ನು ಹೀರುವದೋ, ಅಷ್ಟು ಕಾವನ್ನು ಒಂದು ದಿನದಲ್ಲಿ ಹೊರಗೆ ಹಾಕುವ ಯಂತ್ರ ಒಂದು ಟನ್ನಿನದು. ಎಸಿ ತಂಪನ್ನು ತಯಾರಿಸುವದಿಲ್ಲ. ಬಾವಿಯಿಂದ ನೀರು ಸೇದಿದಂತೆ ಕೋಣೆಯ ಕಾವನ್ನು ಸೇದಿ ಹೊರಗೆ ಚೆಲ್ಲುತ್ತದೆ. ಬಾವಿ ಆಳವಾದಷ್ಟೂ ಹಗ್ಗ ಉದ್ದ. ಒಳಗೆ 18 ಡಿಗ್ರಿ ಬೇಕೆಂದಷ್ಟೂ ವಿದ್ಯುತ್ತು ಹೆಚ್ಚು. ಒಂದು ಡಿಗ್ರಿ ಏರಿಸಿದರೆ ಶೇಕಡಾ 6ರಷ್ಟು ಉಳಿತಾಯವೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 2020ರ ಜನವರಿಯಿಂದ ಹೊಸ ಎಸಿಗಳು ಹಚ್ಚಿದೊಡನೆ 24 ಡಿಗ್ರಿಯಲ್ಲಿಯೇ ಆರಂಭವಾಗಬೇಕೆಂದು ನಿಯಮವಾಗಿದೆ. ನಮ್ಮವರು ಮೊದಲು ಮಾಡುವ ಕೆಲಸವೆಂದರೆ ಅದನ್ನು 18ಕ್ಕೆ ಇಳಿಸುವದು, 'ಲಗೂನ ತಂಪಾಗಲಿ' ಎಂದು. ಇದರಿಂದ ಅದು ಲಗೂನ ತಂಪಾಗುವದಿಲ್ಲ, ಬಹಳ ಹೊತ್ತು ನಡೆಯುತ್ತದೆ, ಅಷ್ಟೇ.

ಎಲ್ಲಕ್ಕಿಂತ ಹೆಚ್ಚು ಹಣ ಸೋರುವ ಜಾಗ ಬೇರೆ. ವರ್ಷಕ್ಕೊಮ್ಮೆ ದುರಸ್ತಿಯ ಹುಡುಗ ಬರುತ್ತಾನೆ. 'ಗ್ಯಾಸ್ ಖಾಲಿ ಆಗೇತ್ರೀ ಸರ, ತುಂಬಬೇಕಾಕ್ಕೇತಿ' ಎನ್ನುತ್ತಾನೆ. ಯಜಮಾನರು 'ತುಂಬಪಾ' ಎಂದು ಎರಡು-ಮೂರು ಸಾವಿರ ಎಣಿಸುತ್ತಾರೆ. ಮುಂದಿನ ವರ್ಷವೂ ಅದೇ ಮಾತು, ಅದೇ ಎಣಿಕೆ. ಸ್ವಾಮೀ, ಅದು ಅಡಿಗೆಯ ಸಿಲಿಂಡರಿನ ಗ್ಯಾಸಲ್ಲ, ಉರಿದು ತೀರುವದಕ್ಕೆ! ಮುಚ್ಚಿದ ತಾಮ್ರದ ಕೊಳವೆಯಲ್ಲಿ ಅದೇ ಅನಿಲ ಸುತ್ತುತ್ತಿರುತ್ತದೆ. ಹತ್ತು ವರ್ಷ ಕಳೆದರೂ ಅದು ಕಡಿಮೆಯಾಗಕೂಡದು. ಕಡಿಮೆಯಾಗಿದ್ದರೆ ಎಲ್ಲಿಯೋ ತೂತಿದೆ. ತೂತನ್ನು ಹುಡುಕದೆ ಮತ್ತೆ ಮತ್ತೆ ತುಂಬುವದು, ಒಡೆದ ಕೊಡಕ್ಕೆ ನೀರು ಹೊತ್ತ ಹಾಗೆ. ಬಹಳ ಸಲ ಅನಿಲ ಕಡಿಮೆಯಾಗಿಯೇ ಇರುವದಿಲ್ಲ. ಜಾಳಿಗೆಯಲ್ಲಿ ಧೂಳು ಮೆತ್ತಿಕೊಂಡು ಗಾಳಿ ಹಾಯದೆ ನಿಂತಿರುತ್ತದೆ. ಹದಿನೈದು ದಿನಕ್ಕೊಮ್ಮೆ ಜಾಳಿಗೆ ಬಿಚ್ಚಿ ನಲ್ಲಿಯ ಕೆಳಗೆ ತೊಳೆಯುವ ಕೆಲಸ ಹತ್ತು ವರ್ಷದ ಹುಡುಗನಿಗೂ ಬರುವಂಥದು. 'ಎಲ್ಲಿ ಸೋರೇತಿ, ಮೊದಲು ತೋರಿಸು' ಎಂಬ ಒಂದು ಕನ್ನಡ ವಾಕ್ಯ ಗೊತ್ತಿದ್ದರೆ ಸಾಕು, ಸಾವಿರಗಳು ಉಳಿಯುತ್ತವೆ. ಆ ಹುಡುಗನನ್ನು ನಾನು ದೂರುವದಿಲ್ಲ. ಅವನಿಗೂ ತೂತು ಹುಡುಕುವದನ್ನು ಸರಿಯಾಗಿ ಯಾರೂ ಕಲಿಸಿರಲಿಕ್ಕಿಲ್ಲ.

ಚಳಿಗಾಲಕ್ಕೆ ನಮ್ಮಲ್ಲಿ ಕೋಣೆ ಕಾಯಿಸುವ ಅಗತ್ಯವಿಲ್ಲ, ಕಾಯಿಸುವದೇನಿದ್ದರೂ ಸ್ನಾನದ ನೀರು. ಹಂಡೆಯ ಒಲೆ ಹೋಗಿ ಗೀಜರು ಬಂದದ್ದಕ್ಕೆ ನಾನು ಕಣ್ಣೀರಿಡಲಾರೆ. ನಸುಕಿನ ನಾಲ್ಕಕ್ಕೆ ಎದ್ದು ಕುಳ್ಳು-ಕಟ್ಟಿಗೆ ತುರುಕಿ ಹೊಗೆ ಕುಡಿದವರು ಮನೆಯ ಹೆಂಗಸರು, ಪ್ರಬಂಧ ಬರೆದವರಲ್ಲ. ಆದರೆ ಇದರ ಲೆಕ್ಕವೂ ತಿಳಿದಿರಲಿ. 15 ಲೀಟರಿನ ಒಂದು ಬಕೆಟ್ಟು ನೀರನ್ನು 22 ಡಿಗ್ರಿಯಿಂದ 42ಕ್ಕೆ ಏರಿಸಲು ಮೂರರಲ್ಲೊಂದು ಯೂನಿಟಿಗಿಂತ ತುಸು ಹೆಚ್ಚು ಬೇಕು. ನಾಲ್ಕು ಜನಕ್ಕೆ ದಿನಕ್ಕೆ ಒಂದೂವರೆ ಯೂನಿಟು, ತಿಂಗಳಿಗೆ 45. ನಮ್ಮ ಬೋರಿನ ನೀರು ಗಡಸು. ಕಾಯುವ ಸುರುಳಿಗೆ ಸುಣ್ಣ ಕಟ್ಟುತ್ತದೆ, ಕಾವು ನೀರಿಗೆ ತಲುಪದೆ ಸುರುಳಿಯೇ ಸುಟ್ಟುಕೊಳ್ಳುತ್ತದೆ. ತೊಟ್ಟಿಯೊಳಗೆ ಮೆಗ್ನೀಶಿಯಮಿನ ಒಂದು ಕೋಲಿರುತ್ತದೆ; ತಾನು ಸವೆದು ತೊಟ್ಟಿಯನ್ನು ತುಕ್ಕಿನಿಂದ ಕಾಯುವದು ಅದರ ಧರ್ಮ. ಅದು ಸವೆದ ಮೇಲೆ ಬದಲಿಸಬೇಕೆಂದು ನಮ್ಮ ಓಣಿಯಲ್ಲಿ ಎಷ್ಟು ಮನೆಯವರಿಗೆ ಗೊತ್ತು? ತೊಟ್ಟಿ ತೂತಾದ ಮೇಲೆ ಹೊಸ ಗೀಜರು ತರುವದು ಮಾತ್ರ ಎಲ್ಲರಿಗೂ ಗೊತ್ತು.

ಈಗ ಲೆಕ್ಕ. 2023ರ ಜುಲೈದಿಂದ ಗೃಹಜ್ಯೋತಿ ಬಂದಿತು. ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇಕಡಾ 10, ಒಟ್ಟು 200 ಯೂನಿಟಿನ ಮಿತಿಯೊಳಗೆ ಉಚಿತ ಎಂಬುದು ಆಗ ಹಾಕಿದ ಸೂತ್ರ. ತನ್ನ ಪಾಲು ಮೀರಿದರೆ ಹೆಚ್ಚಿನ ಯೂನಿಟಿಗೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ಕಾದ ಸ್ಲ್ಯಾಬಿನ ಕೆಳಗೆ ಎಸಿ ರಾತ್ರಿ ಎಂಟು ತಾಸು ನಡೆದರೆ ಎಂಟು-ಹತ್ತು ಯೂನಿಟು. ತಿಂಗಳಿಗೆ ಅದೊಂದೇ 240 ದಾಟುತ್ತದೆ. ಆಗ ಬಿಲ್ಲು ನೋಡಿ 'ಮೀಟರ್ ಕೆಟ್ಟಿದೆ' ಎಂದು ಕೂಗಾಡುವದು, ಓಣಿಯಲ್ಲಿ ಸರಕಾರವನ್ನು ಬೈಯುವದು. ಸ್ಲ್ಯಾಬಿಗೆ ಸುಣ್ಣ ಬಳಿದು, ಎಸಿಯನ್ನು 26ಕ್ಕಿಟ್ಟು ಫ್ಯಾನಿನೊಡನೆ ನಡೆಸಿ, ನಡುರಾತ್ರಿ ನಿಲ್ಲಿಸಿದ ಮನೆ ಆ ಗೆರೆಯ ಈಚೆ ನಿಲ್ಲಬಲ್ಲದು. ಎಸಿಗೆಂದು ಮಂಜೂರಾದ ಕಿಲೋವಾಟು ಹೆಚ್ಚಿಸಿಕೊಂಡವರು ಇನ್ನೊಂದನ್ನು ಮರೆಯಬಾರದು: ನಿಗದಿತ ಶುಲ್ಕ ಆ ಕಿಲೋವಾಟಿನ ಮೇಲೆ ಬೀಳುತ್ತದೆ, ಡಿಸೆಂಬರದ ಚಳಿಯಲ್ಲಿಯೂ.

ಹುಕ್ಕೇರಿಯವರಿಗಂತೂ ಈ ಅಜ್ಞಾನ ಒಪ್ಪುವದೇ ಇಲ್ಲ. ಗೋಕಾಕ-ಮೂಡಲಗಿಯ ನಾವು ಹೆಸ್ಕಾಂದ ಗಿರಾಕಿಗಳು, ಅವರು ಮಾಲೀಕರು. 1969ರಲ್ಲಿ ದೇಶದಲ್ಲಿ ಪ್ರಯೋಗವೆಂದು ಆರಂಭವಾದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದು ಒಂದು. ಅವುಗಳಲ್ಲಿ ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘ 2011ರಲ್ಲಿ ವಿತರಣೆಯ ಹಕ್ಕು ಕಳೆದುಕೊಂಡಿತು, ಹುಕ್ಕೇರಿಯದು ಉಳಿದಿದೆ. ಸದಸ್ಯರೇ ಮಾಲೀಕರಾದ ವಿದ್ಯುತ್ ಸಂಘ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಅದರ ಚುನಾವಣೆ ಬಂದರೆ ತಾಲೂಕೆಲ್ಲ ಕಾವೇರುತ್ತದೆ. ಆ ಕಾವಿನಲ್ಲಿ ಹತ್ತರಲ್ಲೊಂದು ಪಾಲು ಸರ್ವಸಾಧಾರಣ ಸಭೆಗೆ ಉಳಿದು, ಬಿಲ್ಲಿನ ಒಂದೊಂದು ಸಾಲನ್ನು ಬಿಡಿಸಿ ಹೇಳಿರೆಂದು ನಾಲ್ಕು ಸದಸ್ಯರು ಎದ್ದು ಕೇಳಿದರೆ ಉತ್ತರ ಕೊಡುವದು ಸಂಘಕ್ಕೆ ಅನಿವಾರ್ಯ. ನಮಗಾದರೆ ಆ ಸಭೆಯೂ ಇಲ್ಲ.

'ಛಂದಸ್ಸು ಬಿಟ್ಟು ಸ್ಲ್ಯಾಬ್ ಯಾಕ ಏರಿದ್ರೀ ಸರ?' ಎಂದು ನಮ್ಮ ಕಾಲೇಜಿನ ವಿಜ್ಞಾನದ ಸಹೋದ್ಯೋಗಿಯೊಬ್ಬರು ನಗುತ್ತಾರೆ. ಅವರು ಏರಲಿಲ್ಲವೆಂದು ಏರಿದೆ. ಗೋಕಾಕವೆಂದರೆ ನಾಡಿಗೆ ನೆನಪಾಗುವದು ಎರಡು: ಒಂದು ಜಲಪಾತ, ಇನ್ನೊಂದು ಚಳವಳಿ. ನೀರಿನಿಂದ ವಿದ್ಯುತ್ತು ತೆಗೆದ ಭಾರತದ ಮೊದಮೊದಲ ತಾಣಗಳಲ್ಲಿ ಗೋಕಾಕ ಫಾಲ್ಸು ಒಂದು. 1982ರ ಚಳವಳಿ ಊರಿನ ಹೆಸರಿನದಲ್ಲ, ವಿನಾಯಕ ಕೃಷ್ಣ ಗೋಕಾಕರ ವರದಿಯದು; ಆದರೂ ಆ ಅಭಿಮಾನ ನಮಗೆ ಸಲ್ಲುತ್ತದೆಂದೇ ನಾವು ತಿಳಿದಿದ್ದೇವೆ. ಕನ್ನಡದಲ್ಲಿ ಕಲಿಸಿರೆಂದು ಬೀದಿಗಿಳಿದ ಜನ ಕನ್ನಡದಲ್ಲಿಯೇ ಅಚ್ಚಾಗಿ ಬಂದ ಬಿಲ್ಲನ್ನು ಓದದೆ ಮೊಳೆಗೆ ಚುಚ್ಚುತ್ತಾರೆ. ಯಂತ್ರದೊಡನೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ಪೆಟ್ಟಿಗೆಯೊಂದಿಗೇ ಅಟ್ಟಕ್ಕೆ ಎಸೆಯುತ್ತಾರೆ. ಕನ್ನಡ ಪುಸ್ತಿಕೆ ಕೊಡದಿದ್ದರೆ ಯಂತ್ರ ಬೇಡವೆಂದು ಅಂಗಡಿಯಲ್ಲಿ ಹೇಳಿದ ಒಬ್ಬ ಕನ್ನಡಾಭಿಮಾನಿಯನ್ನೂ ನಾನು ಇದುವರೆಗೆ ಕಂಡಿಲ್ಲ. ಫಲಕಗಳಿಗೆ ಮಸಿ ಬಳಿಯುವ ಉತ್ಸಾಹಿಗಳು ಒಂದು ದಿನದ ಮಟ್ಟಿಗೆ ಅದೇ ಕುಂಚವನ್ನು ಸುಣ್ಣದಲ್ಲಿ ಅದ್ದಿಕೊಂಡು ನಮ್ಮ ಓಣಿಯ ಸ್ಲ್ಯಾಬುಗಳನ್ನು ಏರುವದಾದರೆ, ನಿಚ್ಚಣಿಕೆ ಹಿಡಿಯಲು ನಾನು ಸಿದ್ಧ.